ಗಿಡಗಳ ವಂಶಾವಳಿ ಹುಡುಕಿದ ನಮ್ಮ ಬಿ.ಜಿ.ಎಲ್. ಸ್ವಾಮಿ

ಕಳೆದ ವಿಜಯದಶಮಿಯ ಸಂಜೆ ಖಾಲಿದಿಯಾದ ನಮ್ಮ ಫ್ಲ್ಯಾಟಿನಲ್ಲಿ ಒಂದು ಸಣ್ಣ ಜಗಳ ಆಯಿತು. ಊರಲ್ಲಾದರೆ ಬನ್ನಿ ಎಲೆ ಕೊಟ್ಟು ಹಿರಿಯರ ಕಾಲಿಗೆ ಬೀಳುವ ದಿನ. ಅಬುಧಾಬಿಯಲ್ಲಿ ಬನ್ನಿ ಎಲ್ಲಿಂದ ತರೋದು ಅಂತ ಎಲ್ಲರೂ ಸುಮ್ಮನಿದ್ದಾಗ, ಗೆಳತಿಯೊಬ್ಬಳು ರಸ್ತೆಬದಿಯ ಮರದ ಕೆಳಗೆ ಉದುರಿ ಬಿದ್ದಿದ್ದ ಒಂದು ಪುಟ್ಟ ರೆಂಬೆ ಎತ್ತಿಕೊಂಡು ಬಂದಳು. ಇದು ಗಾಫ್, ಈ ದೇಶದ ರಾಷ್ಟ್ರೀಯ ಮರ, ನಮ್ಮ ಬನ್ನಿ ಅಂದರೆ ಇದೇ ಅನ್ನೋದು ಅವಳ ವಾದ. ಬಳ್ಳಾರಿ ಕಡೆಯ ಗೆಳೆಯ ಅದನ್ನು ಒಪ್ಪಲೇ ಇಲ್ಲ. ಎಲೆ, ಮುಳ್ಳು, ಕಾಯಿ ಎಲ್ಲ ನೋಡಿದರೆ ಇದು ನಮ್ಮೂರ ಬಯಲಲ್ಲಿ ಬೆಳೆದು ಸೌದೆಯಾಗುವ ಬಳ್ಳಾರಿ ಜಾಲಿ, ಇದನ್ನು ಯಾರಾದರೂ ಪೂಜೆ ಮಾಡ್ತಾರಾ ಅಂತ ಅವನು ನಕ್ಕ. ಹೆಸರಲ್ಲೇನಿದೆ, ನೋಡೋಕೆ ಹಾಗೇ ಇದೆಯಲ್ಲ, ಸಾಕು ಅಂತ ಇನ್ನೊಬ್ಬರು ರಾಜಿ ಮಾಡಿಸಿದರು.

ನನಗೆ ಮಾತ್ರ ಆ ರಾಜಿ ಸಮಾಧಾನ ತರಲಿಲ್ಲ. ನೋಡೋಕೆ ಹಾಗೇ ಇರೋದೆಲ್ಲ ಒಂದೇ ಬಳಗವಾ? ನಮ್ಮ ಕರಾವಳಿಯ ಗಾಳಿಮರವನ್ನು ದೂರದಿಂದ ನೋಡಿದರೆ ಪೈನ್ ಮರದ ತಮ್ಮ ಅನ್ನಬೇಕು. ಆದರೆ ಗಾಳಿಮರ ಹೂ ಬಿಡುವ ಸಸ್ಯ, ಪೈನ್‌ಗೆ ಹೂವೇ ಇಲ್ಲ. ಹಾಗಾದರೆ ಎರಡು ಗಿಡಗಳ ನಡುವೆ ನೆಂಟಸ್ತಿಕೆ ಇದೆ ಅಥವಾ ಇಲ್ಲ ಅಂತ ಜೀವವಿಜ್ಞಾನಿಗಳು ಹೇಗೆ ತೀರ್ಮಾನ ಮಾಡ್ತಾರೆ? ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ನನಗೆ ಪಿಯುಸಿಯ ಸಸ್ಯಶಾಸ್ತ್ರ ಎಂದೋ ಮರೆತುಹೋಗಿದೆ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಂದು ತೀರ ಪರಿಚಿತ ಹೆಸರು. ಶಾಲೆಯಲ್ಲಿ ನಗಿಸಿದ ಲೇಖಕರೆಂದಷ್ಟೇ ನನಗೆ ನೆನಪಿದ್ದ ಬಿ.ಜಿ.ಎಲ್. ಸ್ವಾಮಿ, ಇದೇ ಪ್ರಶ್ನೆಯ ಮೇಲೆ ಜಗತ್ತೇ ಗಮನಿಸುವಂಥ ಕೆಲಸ ಮಾಡಿದ ವಿಜ್ಞಾನಿ. ಅವರ ಬದುಕನ್ನು ಆ ಕಡೆಯಿಂದ ನೋಡುವ ಪ್ರಯತ್ನ ಈ ಲೇಖನ.

ಡಿವಿಜಿಯವರ ಮನೆಯ ಹುಡುಗ

ಪೂರ್ತಿ ಹೆಸರು ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ. ಆ ಗುಂಡಪ್ಪ ಅಂದರೆ ಮಂಕುತಿಮ್ಮನ ಕಗ್ಗ ಬರೆದ ಡಿ.ವಿ. ಗುಂಡಪ್ಪ. ಮೊದಲನೇ ಮಹಾಯುದ್ಧದ ಕಾಲದಲ್ಲಿ ಹುಟ್ಟಿದ ಸ್ವಾಮಿ ಬೆಳೆದಿದ್ದು ಪುಸ್ತಕ, ಪತ್ರಿಕೆ, ಸಭೆ, ಚರ್ಚೆಗಳೇ ತುಂಬಿದ್ದ ಮನೆಯಲ್ಲಿ. ಅಂಥ ಮನೆಯ ಮಗ ಸಾಹಿತ್ಯವನ್ನೋ ತತ್ತ್ವಶಾಸ್ತ್ರವನ್ನೋ ಹಿಡಿಯುತ್ತಾನೆ ಅಂತ ಯಾರಾದರೂ ಅಂದುಕೊಳ್ಳಬಹುದಿತ್ತು. ಇವರು ಹಿಡಿದಿದ್ದು ಸಸ್ಯಶಾಸ್ತ್ರ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಅಲ್ಲಿಂದಲೇ ಸಂಶೋಧನೆಯ ದಾರಿಗೆ ಬಿದ್ದರು. ಮುಂದೆ ಮೈಸೂರು ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.

ಮೊದಲ ದೊಡ್ಡ ಕೆಲಸ ಆರ್ಕಿಡ್‌ಗಳ ಮೇಲೆ. ಮಲೆನಾಡಿನವರಿಗೆ ಸೀತಾಳೆ ದಂಡೆ ಅಂದರೆ ತಟ್ಟನೆ ಗೊತ್ತಾಗುತ್ತೆ, ಮರದ ಕೊಂಬೆಯಿಂದ ಜಡೆಯ ಹಾಗೆ ಇಳಿಬೀಳುವ ಹೂ. ಅದೇ ಬಳಗ. ಆರ್ಕಿಡ್ ಹೂಗಳು ಕಣ್ಣಿಗೆ ಎಷ್ಟು ದೊಡ್ಡ ಹಬ್ಬವೋ, ವರ್ಗೀಕರಣ ಮಾಡುವವರಿಗೆ ಅಷ್ಟೇ ದೊಡ್ಡ ತಲೆನೋವು. ಯಾವ ಕೀಟವನ್ನು ಕರೆಯಬೇಕೋ ಅದಕ್ಕೆ ತಕ್ಕಂತೆ ಹೂವಿನ ಆಕಾರ ಬದಲಾಗುತ್ತಾ ಹೋಗಿರುತ್ತದೆ. ಒಂದೇ ಥರದ ಕೀಟವನ್ನು ಕರೆಯುವ, ಒಂದಕ್ಕೊಂದು ದೂರದ ಎರಡು ಗಿಡಗಳ ಹೂಗಳು ಒಂದೇ ಥರ ಕಾಣಬಹುದು. ತೀರ ಹತ್ತಿರದ ಎರಡು ಗಿಡಗಳು ಬೇರೆ ಬೇರೆ ಕೀಟಗಳ ಹಿಂದೆ ಬಿದ್ದು ಗುರುತೇ ಸಿಗದ ಹಾಗೆ ಬದಲಾಗಿರಬಹುದು.

ಸ್ವಾಮಿ ನೋಡಿದ್ದು ಕೀಟದ ಕಣ್ಣಿಗೆ ಬೀಳದ ಜಾಗವನ್ನು, ಅಂದರೆ ಬೀಜ ರೂಪುಗೊಳ್ಳುವ ಒಳಮನೆಯನ್ನು. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಅದರೊಳಗೆ ಬೆಳೆಯುವ ಭ್ರೂಣಕ್ಕೆ ಒಂದು ಹಿಡಿಕೆಯಂಥ ಭಾಗ ಇರುತ್ತದೆ. ಕೆಲವು ಗುಂಪುಗಳಲ್ಲಿ ಅದು ಒಂದೇ ಕೋಶ, ಕೆಲವುಗಳಲ್ಲಿ ಕೋಶಗಳ ಸಾಲು, ಇನ್ನು ಕೆಲವುಗಳಲ್ಲಿ ಕವಲೊಡೆದ ಗೊಂಚಲು. ಕೋಶ ಯಾವ ಕ್ರಮದಲ್ಲಿ ಒಡೆದು ಎರಡಾಗುತ್ತದೆ, ಆಮೇಲೆ ನಾಲ್ಕಾಗುತ್ತದೆ, ಹಿಡಿಕೆ ಎಲ್ಲಿ ಹುಟ್ಟುತ್ತದೆ ಅನ್ನೋದನ್ನು ಅವರು ಜಾತಿಯಿಂದ ಜಾತಿಗೆ ಗುರುತಿಸಿಟ್ಟು, ಅದರ ಆಧಾರದ ಮೇಲೆ ಆರ್ಕಿಡ್‌ಗಳನ್ನು ಗುಂಪು ಮಾಡಿ ನೋಡಿದರು. ಹೊರಗಿನ ಚೆಲುವಿಗಿಂತ ಒಳಗಿನ ಬೆಳವಣಿಗೆಯ ಕ್ರಮ ಬಳಗದ ಗುಟ್ಟನ್ನು ಹೆಚ್ಚು ಚೆನ್ನಾಗಿ ಉಳಿಸಿಕೊಂಡಿರಬಹುದು ಅನ್ನೋದು ಇದರ ಹಿಂದಿದ್ದ ಯೋಚನೆ.

ಈ ಕೆಲಸಕ್ಕೆ ಬೇಕಿದ್ದ ಸಲಕರಣೆ ನಮ್ಮ ಈಗಿನ ಲ್ಯಾಬುಗಳ ಲೆಕ್ಕದಲ್ಲಿ ಬಹಳ ಕಡಿಮೆ. ಮೇಣದಲ್ಲಿ ಕೂರಿಸಿದ ಅಂಡಾಶಯವನ್ನು ಮೈಕ್ರೋಟೋಮಿನಲ್ಲಿ ತೆಳ್ಳಗೆ ಹೆಚ್ಚಬೇಕು, ಬಣ್ಣ ಹಾಕಬೇಕು, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಕಂಡದ್ದನ್ನು ಕೈಯಲ್ಲಿ ಬಿಡಿಸಬೇಕು. ಒಂದು ಸೀಳಿಕೆಯಲ್ಲಿ ಅರ್ಧ ಕೋಶ ಕಂಡರೆ ಉಳಿದರ್ಧ ಮುಂದಿನದರಲ್ಲಿ. ಅವನ್ನೆಲ್ಲ ತಲೆಯಲ್ಲೇ ಜೋಡಿಸಿ ಮೂರು ಆಯಾಮದ ಚಿತ್ರ ಕಟ್ಟಿಕೊಳ್ಳಬೇಕು. ನಾವು ಕಂಪ್ಯೂಟರಿಗೆ ಬಿಟ್ಟಿರುವ ಕೆಲಸವನ್ನು ಅವರು ಪೆನ್ಸಿಲ್ ಹಿಡಿದು ಮಾಡುತ್ತಿದ್ದರು.

ಹಾರ್ವರ್ಡ್‌ನಲ್ಲಿ ಕಟ್ಟಿಗೆಯ ಪಾಠ

1940ರ ದಶಕದ ಕೊನೆಯಲ್ಲಿ ಸ್ವಾಮಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರಿಗೆ ಸಿಕ್ಕ ಗುರು ಅರ್ವಿಂಗ್ ಬೈಲಿ. ಮರದ ಒಳರಚನೆಯ ವಿಷಯದಲ್ಲಿ ಆ ಕಾಲಕ್ಕೆ ಬೈಲಿಯವರದ್ದು ದೊಡ್ಡ ಹೆಸರು. ಹೂ ಬಿಡುವ ಸಸ್ಯಗಳಲ್ಲಿ ಮೊದಲು ಬಂದವು ಯಾವುವು, ಅವು ಹೇಗಿದ್ದವು ಅನ್ನೋದು ಡಾರ್ವಿನ್ ಕಾಲದಿಂದಲೂ ಬಿಡಿಸಲಾಗದ ಒಗಟು. ಹೂವನ್ನೇ ನೋಡಿ ಉತ್ತರ ಹುಡುಕಿದವರು ಒಬ್ಬೊಬ್ಬರು ಒಂದೊಂದು ದಾರಿ ಹಿಡಿದು ಜಗಳವಾಡುತ್ತಿದ್ದರು. ಬೈಲಿ ಆ ಜಗಳದಿಂದ ಆಚೆ ನಿಂತು ಕಟ್ಟಿಗೆಯನ್ನು ನೋಡೋಣ ಅಂದವರು.

ಇಲ್ಲಿ ಎಂಜಿನಿಯರುಗಳಿಗೆ ಇಷ್ಟವಾಗುವ ಭಾಗ ಬರುತ್ತದೆ. ಮರ ನೀರನ್ನು ಬೇರಿನಿಂದ ತುದಿಗೆ ಏರಿಸೋಕೆ ಎರಡು ಥರದ ಏರ್ಪಾಡು ಮಾಡಿಕೊಂಡಿದೆ. ಒಂದು ಟ್ರೇಕೀಡ್. ಇದು ಉದ್ದನೆಯ, ಎರಡೂ ತುದಿ ಮುಚ್ಚಿದ, ಕಿರಿದಾದ ಕೋಶ. ನೀರು ಒಂದರಿಂದ ಇನ್ನೊಂದಕ್ಕೆ ಗೋಡೆಯಲ್ಲಿನ ಸಣ್ಣ ಗುಳಿಗಳ ಪೊರೆಯ ಮೂಲಕ ದಾಟಿ ಹೋಗಬೇಕು. ಪೈನ್ ಮರಗಳ ಏರ್ಪಾಡು ಇದು. ಇನ್ನೊಂದು ನಾಳ. ಇಲ್ಲಿ ಒಂದರ ಮೇಲೊಂದು ನಿಂತ ಕೋಶಗಳ ನಡುವಿನ ಅಡ್ಡಗೋಡೆಯಲ್ಲಿ ತೂತು ಬಿದ್ದು ಉದ್ದಕ್ಕೂ ಒಂದು ಪೈಪ್ ಆಗುತ್ತದೆ. ಹೂ ಬಿಡುವ ಸಸ್ಯಗಳಲ್ಲಿ ಬಹುಪಾಲು ಈ ಪೈಪ್‌ಲೈನಿನವು. ಪೈಪ್ ಅಗಲವಾದಷ್ಟೂ ನೀರು ಸಲೀಸಾಗಿ ಹರಿಯುತ್ತದೆ, ಆದರೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಇಡೀ ಪೈಪ್ ಕೆಲಸ ನಿಲ್ಲಿಸುತ್ತದೆ. ಟ್ರೇಕೀಡ್ ನಿಧಾನ, ಆದರೆ ಒಂದು ಕೆಟ್ಟರೆ ಪಕ್ಕದ್ದು ನಡೆಯುತ್ತಿರುತ್ತದೆ.

ಟ್ರೇಕೀಡ್ ಮೊದಲು, ನಾಳ ಆಮೇಲೆ ಅನ್ನೋದು ಬೈಲಿ ಪಂಥದ ಮುಖ್ಯ ತೀರ್ಮಾನ. ನಾಳಗಳಲ್ಲೂ ಅಡ್ಡಗೋಡೆ ಓರೆಯಾಗಿದ್ದು, ಅದರಲ್ಲಿ ಏಣಿಯ ಮೆಟ್ಟಿಲಿನಂಥ ಹಲವು ಪಟ್ಟಿಗಳಿದ್ದರೆ ಅದು ಹಳೆಯ ಮಾದರಿ. ಗೋಡೆ ನೇರವಾಗಿ, ಒಂದೇ ದೊಡ್ಡ ತೂತಾಗಿದ್ದರೆ ಅದು ಹೊಸದು. ಸಾವಿರಾರು ಮರಗಳ ಕಟ್ಟಿಗೆ ನೋಡಿ ಕಟ್ಟಿದ ಸಾಲು ಇದು. ಈ ಬದಲಾವಣೆ ಒಂದೇ ದಿಕ್ಕಿನದು, ನಾಳ ಬಂದ ಮೇಲೆ ಮತ್ತೆ ಹಿಂದಕ್ಕೆ ಹೋಗೋದಿಲ್ಲ ಅಂತ ಅವರು ನಂಬಿದ್ದರು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಹಾಗಾದರೆ ನಾಳವೇ ಇಲ್ಲದ ಹೂ ಬಿಡುವ ಸಸ್ಯ ಸಿಕ್ಕರೆ? ಅದು ಹಳೆಯ ಕಾಲದ ಗುರುತನ್ನು ಉಳಿಸಿಕೊಂಡಿರಬೇಕು. ಆಗ ಅಂಥವು ಬೆರಳೆಣಿಕೆಯಷ್ಟು ಮಾತ್ರ ಗೊತ್ತಿದ್ದವು.

1948ರಲ್ಲಿ ಬೈಲಿ ಮತ್ತು ಸ್ವಾಮಿ ಸೇರಿ ಆ ಪಟ್ಟಿಗೆ ಒಂದು ಹೆಸರು ಸೇರಿಸಿದರು, ಆಂಬೊರೆಲ್ಲಾ. ಆಸ್ಟ್ರೇಲಿಯಾದ ಪೂರ್ವಕ್ಕೆ ಪೆಸಿಫಿಕ್ ಸಾಗರದಲ್ಲಿ ನ್ಯೂ ಕ್ಯಾಲೆಡೋನಿಯಾ ಅನ್ನೋ ದ್ವೀಪ ಇದೆ. ಅಲ್ಲಿನ ಕಾಡು ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಈ ಗಿಡ ತಾನಾಗಿ ಬೆಳೆಯೋದಿಲ್ಲ. ಪೊದೆಯಂಥ ಗಿಡ, ಸಣ್ಣ ಮಾಸಲು ಬಿಳಿ ಹೂ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹಾದಿಯಲ್ಲಿ ಸಿಕ್ಕರೆ ಯಾರೂ ಎರಡನೇ ಸಲ ತಿರುಗಿ ನೋಡೋದಿಲ್ಲ. ಅಲ್ಲಿಯವರೆಗೆ ಅದನ್ನು ಮೊನಿಮಿಯೇಸಿ ಅನ್ನೋ ಕುಟುಂಬದಲ್ಲಿ ಸೇರಿಸಿಟ್ಟಿದ್ದರು. ಇವರಿಬ್ಬರು ಕಾಂಡ ಸೀಳಿ ನೋಡಿದರೆ ಬರೀ ಟ್ರೇಕೀಡ್, ಒಂದೂ ನಾಳ ಇಲ್ಲ. ಎಲೆ, ಹೂ, ಪರಾಗ ಎಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಹಳೆಯ ಮನೆಯಲ್ಲಿ ಈ ಗಿಡ ಸಲ್ಲೋದಿಲ್ಲ ಅನ್ನೋದು ಸ್ಪಷ್ಟವಾಯಿತು. ಅದೇ ವರ್ಷ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಪಿಷಾನ್ ಇದಕ್ಕೆ ಬೇರೆಯದೇ ಕುಟುಂಬ ಕೊಟ್ಟರು.

ಎರಡು ವರ್ಷದ ನಂತರ, 1950ರಲ್ಲಿ, ಸ್ವಾಮಿ ಮತ್ತು ಬೈಲಿ ಇನ್ನೊಂದು ನಾಳವಿಲ್ಲದ ಗಿಡದ ಬಗ್ಗೆ ಬರೆದರು. ಇದು ಏಷ್ಯಾದ ಸಾರ್ಕ್ಯಾಂಡ್ರ. 1953ರಲ್ಲಿ ಸ್ವಾಮಿ ದಕ್ಷಿಣ ಭಾರತದ ಸಾರ್ಕ್ಯಾಂಡ್ರವೊಂದನ್ನು ಹೊಸ ಜಾತಿಯೆಂದು ವಿವರಿಸಿ, ಅದಕ್ಕೆ ಸಾರ್ಕ್ಯಾಂಡ್ರ ಅರ್ವಿಂಗ್‌ಬೈಲಿಯೈ ಅಂತ ಗುರುವಿನ ಪೂರ್ತಿ ಹೆಸರನ್ನೇ ಇಟ್ಟರು. ಅದೇ ಕುಟುಂಬದ ಇನ್ನೊಂದು ಗಿಡಕ್ಕೆ ದೆಹಲಿಯ ಭ್ರೂಣವಿಜ್ಞಾನಿ ಪಂಚಾನನ ಮಹೇಶ್ವರಿ ಅವರ ಹೆಸರು ಕೊಟ್ಟರು. ಗುರುದಕ್ಷಿಣೆಯನ್ನು ಗಿಡದ ರೂಪದಲ್ಲಿ ಸಲ್ಲಿಸಿದ ಹಾಗಾಯಿತು.

ಕರ್ಜೀಕಾಯಿಯ ಲೆಕ್ಕ

ಬೈಲಿ ಮತ್ತು ಸ್ವಾಮಿ ಜೋಡಿಯ ಇನ್ನೊಂದು ಹೆಸರಾಂತ ಲೇಖನ 1951ರದ್ದು, ಹೂವಿನ ಹೆಣ್ಣು ಭಾಗದ ಬಗ್ಗೆ. ಹೂವಿನ ನಡುವೆ ಮುಂದೆ ಬೀಜವಾಗುವ ಅಂಡಕಗಳನ್ನು ಮುಚ್ಚಿಟ್ಟುಕೊಳ್ಳುವ ಒಂದು ಅಂಗ ಇದೆಯಲ್ಲ, ಅದಕ್ಕೆ ಕಾರ್ಪೆಲ್ ಅನ್ನುತ್ತಾರೆ. ಬಟಾಣಿ ಕಾಯಿ ಒಂದು ಕಾರ್ಪೆಲ್ ಬಲಿತು ಆದದ್ದು. ಈ ಮುಚ್ಚಿದ ಪೆಟ್ಟಿಗೆ ಹೇಗೆ ಬಂತು ಅನ್ನೋದೇ ಪ್ರಶ್ನೆ.

ಫಿಜಿ ದ್ವೀಪದ ಡಿಜೆನೇರಿಯಾ ಅನ್ನೋ ಮರವನ್ನು 1942ರಲ್ಲಷ್ಟೇ ವಿಜ್ಞಾನ ಲೋಕಕ್ಕೆ ಪರಿಚಯಿಸಲಾಗಿತ್ತು. ಪರಿಚಯಿಸಿದವರಲ್ಲಿ ಬೈಲಿಯೂ ಒಬ್ಬರು. ಅದರ ಕಾರ್ಪೆಲ್ ನೋಡಿದರೆ ಉದ್ದಕ್ಕೆ ಮಡಚಿದ ಎಲೆಯ ಹಾಗೆ. ಅಂಚುಗಳು ಪೂರ್ತಿ ಬೆಸೆದುಕೊಂಡಿಲ್ಲ, ನಡುವೆ ರೋಮಗಳು ಹೆಣೆದುಕೊಂಡು ಬಾಗಿಲು ಮುಚ್ಚಿವೆ. ಅಜ್ಜಿ ಕರ್ಜೀಕಾಯಿ ಮಾಡುವಾಗ ಹಾಳೆಯ ಮೇಲೆ ಹೂರಣ ಇಟ್ಟು ಮಡಚುತ್ತಾರೆ, ಅಂಚು ಒತ್ತೋದಕ್ಕೆ ಮುಂಚಿನ ಕ್ಷಣ ನೆನಪಿಸಿಕೊಳ್ಳಿ. ಡಿಜೆನೇರಿಯಾ ಆ ಹಂತದಲ್ಲಿ ನಿಂತಿದೆ. ಉಳಿದ ಹೂಗಳಲ್ಲಿ ಅಂಚು ಒತ್ತಿ ಮುಗಿದಿದೆ. ಸ್ವಾಮಿ 1949ರಲ್ಲಿ ಈ ಮರದ ಬಗ್ಗೆ ವಿಸ್ತಾರವಾದ ಅಧ್ಯಯನ ಪ್ರಕಟಿಸಿದ್ದರು. ಮಡಚಿದ ಎಲೆಯೇ ಮೂಲ ಮಾದರಿ, ಅಲ್ಲಿಂದ ಉಳಿದ ರೂಪಗಳು ಹೀಗೆ ಹೀಗೆ ಹುಟ್ಟಿವೆ ಅಂತ 1951ರ ಲೇಖನ ಹಂತ ಹಂತವಾಗಿ ತೋರಿಸಿತು. ಮುಂದೆ ಹಲವು ದಶಕ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಇದನ್ನೇ ಓದಿ ಬೆಳೆದರು.

ಇಲ್ಲಿ ಒಂದು ಬಲೆ ಇದೆ. ಸರಳವಾಗಿ ಕಾಣೋದೆಲ್ಲ ಹಳೆಯದು ಅಂದುಕೊಂಡರೆ ಮೋಸಹೋಗುತ್ತೀವಿ. ಹಳೆಯ ಕಾಲದ ಮನೆಯಲ್ಲಿ ಸಾಮಾನು ಕಡಿಮೆ. ನಮ್ಮ ಬಾಡಿಗೆ ರೂಮಿನಲ್ಲೂ ಸಾಮಾನು ಕಡಿಮೆ. ಎರಡರ ಕಾರಣ ಒಂದೇ ಅಲ್ಲ. ಸಾರ್ಕ್ಯಾಂಡ್ರದ ಕುಟುಂಬದ ಹೂಗಳು ಅಂಥವು. ದಳವಿಲ್ಲದ, ಒಂದೋ ಮೂರೋ ಕೇಸರಗಳ ಪುಟ್ಟ ಹೂ. ಇದು ಮೊದಲಿಂದಲೂ ಸರಳವಾ, ಅಥವಾ ಇದ್ದದ್ದನ್ನೆಲ್ಲ ಕಳೆದುಕೊಂಡು ಸರಳವಾಗಿದ್ದಾ? ಹೂವನ್ನು ಮಾತ್ರ ನೋಡಿದರೆ ಹೇಳೋಕಾಗೋದಿಲ್ಲ. ಅದಕ್ಕೇ ಸ್ವಾಮಿ 1953ರಲ್ಲಿ ಈ ಕುಟುಂಬದ ರಚನೆ ಮತ್ತು ಸಂಬಂಧಗಳ ಬಗ್ಗೆ ಬರೆದಾಗ ಹಲವು ಅಂಗಗಳ ಸಾಕ್ಷ್ಯವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಒಂದು ಅಂಗ ಸುಳ್ಳು ಹೇಳಿದರೂ ಇನ್ನೊಂದು ಅದನ್ನು ಹಿಡಿದುಕೊಡುತ್ತದೆ.

ಮದರಾಸಿನ ಕನ್ನಡ ಮೇಷ್ಟ್ರು

1953ರಲ್ಲಿ ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ಸೇರಿದರು. ಮುಂದೆ ಅಲ್ಲೇ ಪ್ರಿನ್ಸಿಪಾಲರೂ ಆದರು. ಅವರ ವೃತ್ತಿಜೀವನದ ಬಹುಭಾಗ ಕಳೆದದ್ದು ಕರ್ನಾಟಕದ ಹೊರಗೆ, ತಮಿಳು ಮಾತಾಡುವ ಊರಲ್ಲಿ. ಪಾಠ ಇಂಗ್ಲಿಷಿನಲ್ಲಿ, ಸಂಶೋಧನಾ ಲೇಖನಗಳು ಇಂಗ್ಲಿಷಿನಲ್ಲಿ. ಅವರ ಕನ್ನಡ ಬರವಣಿಗೆ ಬೆಳೆದದ್ದೂ ಆ ಊರಲ್ಲೇ ಇದ್ದುಕೊಂಡು. ದೂರದಲ್ಲಿ ಕೂತು ಕನ್ನಡ ಕೈಪಿಡಿ ಮಾಡುವ ನಮ್ಮಂಥವರಿಗೆ ಈ ವಿಷಯ ಸ್ವಲ್ಪ ಜಾಸ್ತಿಯೇ ತಾಗುತ್ತೆ.

ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಬೆಟ್ಟ ಸುತ್ತಿದ ಅನುಭವಗಳು ಹಸುರು ಹೊನ್ನು ಪುಸ್ತಕವಾದವು. ಚಿತ್ರಗಳನ್ನೂ ಅವರೇ ಬರೆದರು. ಗಿಡದ ಎಲೆಯ ಜೋಡಣೆ, ಹೂವಿನ ಸೀಳಿಕೆ, ಕಾಯಿಯ ಒಳಗು ಎಲ್ಲ ಆ ಗೆರೆಗಳಲ್ಲಿ ಇದೆ. ಸೂಕ್ಷ್ಮದರ್ಶಕದ ಮುಂದೆ ಕೂತು ಪಳಗಿದ ಕೈ ಅದು ಅಂತ ಗೊತ್ತಾಗುತ್ತೆ. ಹುಡುಗರ ಕೀಟಲೆ, ಅಡುಗೆಯ ಪಾಡು, ದಾರಿಯಲ್ಲಿ ಸಿಕ್ಕವರ ಮಾತು ಇವುಗಳ ನಡುವೆ ಸಸ್ಯಶಾಸ್ತ್ರ ತಾನಾಗಿ ಬರುತ್ತೆ. ಈ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಂದೆ ಡಿವಿಜಿಯವರಿಗೆ ಅದೇ ಪ್ರಶಸ್ತಿ 1967ರಲ್ಲಿ, ಭಗವದ್ಗೀತೆಯ ಬಗ್ಗೆ ಬರೆದ ಪುಸ್ತಕಕ್ಕೆ ಬಂದಿತ್ತು.

ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ ಅನ್ನೋ ಅವರ ಇನ್ನೊಂದು ಪುಸ್ತಕ ನಮ್ಮ ಅಡುಗೆಮನೆಯನ್ನೇ ತಲೆಕೆಳಗು ಮಾಡುತ್ತೆ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಕಡಲೆಕಾಯಿ, ಸೀಬೆ ಇವೆಲ್ಲ ಸಮುದ್ರ ದಾಟಿ ಬಂದ ನೆಂಟರು. ಇದು ನಮ್ಮದು, ಅದು ಹೊರಗಿನದು ಅಂತ ನಾಲಿಗೆಯ ಅಭ್ಯಾಸದಿಂದ ತೀರ್ಮಾನ ಮಾಡಬಾರದು, ಗಿಡದ ಚರಿತ್ರೆ ಬೇರೆಯೇ ಇರುತ್ತೆ ಅನ್ನೋದು ಅಲ್ಲಿ ಮತ್ತೆ ಮತ್ತೆ ಬರುವ ಪಾಠ. ಕಾಲೇಜು ರಂಗ, ತಮಿಳು ತಲೆಗಳ ನಡುವೆ, ಅಮೆರಿಕದಲ್ಲಿ ನಾನು, ಶಾಸನಗಳಲ್ಲಿ ಗಿಡಮರಗಳು ಹೀಗೆ ಪಟ್ಟಿ ಉದ್ದ ಇದೆ. ನಗು, ಸಿಟ್ಟು, ಚರಿತ್ರೆ, ವಿಜ್ಞಾನ ಎಲ್ಲ ಒಬ್ಬರ ಕೈಯಲ್ಲೇ.

ನಿವೃತ್ತಿಯ ನಂತರ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. 1980ರ ನವೆಂಬರ್ 2ರಂದು ತೀರಿಕೊಂಡರು.

ಅವರು ಹೋದ ಮೇಲೆ ಬಂದ ತೀರ್ಪು

ವಿಜ್ಞಾನಿಯ ಬದುಕು ಅವರ ಸಾವಿನ ದಿನಕ್ಕೆ ಮುಗಿಯೋದಿಲ್ಲ. ಬರೆದಿಟ್ಟದ್ದು ಸರಿಯಾ ತಪ್ಪಾ ಅಂತ ಮುಂದಿನವರು ನೋಡುತ್ತಲೇ ಇರುತ್ತಾರೆ. ಸ್ವಾಮಿಯವರ ವಿಷಯದಲ್ಲಿ ಆ ತೀರ್ಪು ಮಿಶ್ರವಾಗಿ ಬಂತು, ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಈ ಭಾಗ ಓದಿದ ಮೇಲೆಯೇ.

ಮೊದಲು ಬದಲಾದದ್ದು ಯೋಚನೆಯ ದಾರಿ. ಜರ್ಮನಿಯ ಕೀಟವಿಜ್ಞಾನಿ ವಿಲ್ಲಿ ಹೆನ್ನಿಗ್ 1950ರಲ್ಲಿ ಬರೆದದ್ದು 1966ರಲ್ಲಿ ಇಂಗ್ಲಿಷಿಗೆ ಬಂದು ಎಲ್ಲೆಡೆ ಹರಡಿತು. ಅವನ ಮುಖ್ಯ ಮಾತು ಇಷ್ಟೇ. ಇಬ್ಬರಲ್ಲಿ ಹಳೆಯ ಗುಣವೊಂದು ಉಳಿದಿದೆ ಅಂದ ಮಾತ್ರಕ್ಕೆ ಅವರು ಹತ್ತಿರದ ಬಂಧುಗಳಾಗೋದಿಲ್ಲ. ಹೊಸದಾಗಿ ಹುಟ್ಟಿದ ಗುಣವನ್ನು ಇಬ್ಬರೂ ಹಂಚಿಕೊಂಡಿದ್ದರೆ ಅದು ಬಂಧುತ್ವದ ಸಾಕ್ಷಿ. ಪೈನ್‌ಗೂ ನಾಳ ಇಲ್ಲ, ಆಂಬೊರೆಲ್ಲಾಗೂ ನಾಳ ಇಲ್ಲ. ಅಷ್ಟಕ್ಕೇ ಅವೆರಡು ಅಕ್ಕತಂಗಿ ಅಲ್ಲ. ಇಬ್ಬರ ಬಳಿಯೂ ಕಾರು ಇಲ್ಲ ಅಂದ ಮಾತ್ರಕ್ಕೆ ಅಣ್ಣತಮ್ಮ ಅನ್ನೋಕಾಗುತ್ತಾ? ಆಂಬೊರೆಲ್ಲಾ ಹೂ ಬಿಡುತ್ತದೆ, ಅಂಡಕವನ್ನು ಕಾರ್ಪೆಲಿನಲ್ಲಿ ಮುಚ್ಚಿಡುತ್ತದೆ. ಆ ಹೊಸ ಗುಣ ಅದನ್ನು ಹೂ ಬಿಡುವ ಬಳಗಕ್ಕೆ ಸೇರಿಸುತ್ತದೆ.

ಆಮೇಲೆ ಡಿಎನ್‌ಎ ಬಂತು. ಒಂದೇ ಜೀನ್‌ನ ಅಕ್ಷರಗಳನ್ನು ಹಲವು ಗಿಡಗಳಿಂದ ತೆಗೆದು ಸಾಲಾಗಿ ಜೋಡಿಸಿ, ಎಲ್ಲೆಲ್ಲಿ ಬದಲಾಗಿದೆ ನೋಡಿ, ಆ ಬದಲಾವಣೆಗಳನ್ನು ಚೆನ್ನಾಗಿ ವಿವರಿಸುವ ವಂಶವೃಕ್ಷ ಯಾವುದು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕೋದು. ಡಿಎನ್‌ಎ ಅಂದರೆ ಕೊನೆಯ ಮಾತು ಅಂತ ನಾವು ಅಂದುಕೊಳ್ಳುತ್ತೀವಲ್ಲ, ಅದೂ ನಿಜ ಅಲ್ಲ. 1993ರಲ್ಲಿ ಸುಮಾರು 500 ಸಸ್ಯಗಳ ಒಂದು ಜೀನ್ ಹೋಲಿಸಿದಾಗ, ಹೂ ಬಿಡುವ ಸಸ್ಯಗಳಲ್ಲಿ ಮೊದಲು ಕವಲೊಡೆದದ್ದು ಕೆರೆ ನೀರಿನಲ್ಲಿ ತೇಲುವ ಸೆರಟೊಫಿಲಮ್ ಅಂತ ಬಂತು. 1999ರಲ್ಲಿ ಹಲವು ಜೀನ್‌ಗಳನ್ನು ಒಟ್ಟಿಗೆ ಹೋಲಿಸಿದ ತಂಡಗಳು, ಬೇರೆ ಬೇರೆಯಾಗಿ ಕೆಲಸ ಮಾಡಿದವರು, ಒಂದೇ ಉತ್ತರಕ್ಕೆ ಬಂದರು. ಆ ಉತ್ತರ ಆಂಬೊರೆಲ್ಲಾ. ಸುಮಾರು 3 ಲಕ್ಷ ಜಾತಿಯ ಹೂ ಬಿಡುವ ಸಸ್ಯಗಳು ಒಂದು ಕಡೆ, ನ್ಯೂ ಕ್ಯಾಲೆಡೋನಿಯಾದ ಆ ಒಂದೇ ಪೊದೆ ಇನ್ನೊಂದು ಕಡೆ. ಕೆಲವು ಲೆಕ್ಕಗಳಲ್ಲಿ ನೈದಿಲೆಯ ಬಳಗವೂ ಅದರ ಜೊತೆ ನಿಂತಿತು. 2013ರಲ್ಲಿ ಅದರ ಇಡೀ ಜೀನೋಮನ್ನೇ ಓದಿದರು.

ಇದರ ಅರ್ಥ ಆಂಬೊರೆಲ್ಲಾ ಎಲ್ಲ ಹೂಗಳ ಅಜ್ಜಿ ಅಂತಲ್ಲ. ಅದೂ ನಮ್ಮ ಕಾಲದ ಗಿಡವೇ. ಅಜ್ಜಿ ಅಲ್ಲ, ಬಹಳ ಹಿಂದೆಯೇ ಬೇರೆ ಮನೆ ಮಾಡಿದ ದೊಡ್ಡಮ್ಮ. 51 ವರ್ಷ ಮೊದಲು ಬೈಲಿ ಮತ್ತು ಸ್ವಾಮಿ ಕಾಂಡದ ಸೀಳಿಕೆ ನೋಡಿ ಇದು ಸಾಮಾನ್ಯ ಗಿಡವಲ್ಲ ಅಂತ ಎತ್ತಿ ತೋರಿಸಿದ್ದರು. ಅದು ಉಳಿಯಿತು.

ಇನ್ನು ಉಳಿಯದೇ ಹೋದದ್ದು. 1987ರಲ್ಲಿ ಕಾರ್ಲ್‌ಕ್ವಿಸ್ಟ್ ಅನ್ನೋ ವಿಜ್ಞಾನಿ ಸಾರ್ಕ್ಯಾಂಡ್ರದ ಬೇರಿನ ಕಟ್ಟಿಗೆಯಲ್ಲಿ ನಾಳಗಳಿವೆ ಅಂತ ತೋರಿಸಿದರು. ನಾಳವಿಲ್ಲದ ಗಿಡ ಅನ್ನೋ ಪಟ್ಟ ಹೋಯಿತು. ಪೂರ್ವ ಏಷ್ಯಾದ ಟ್ರೋಕೊಡೆಂಡ್ರಾನ್ ಅನ್ನೋ ಮರಕ್ಕೂ ನಾಳ ಇಲ್ಲ, ಆದರೆ ಡಿಎನ್‌ಎ ಅದನ್ನು ನಾಳ ಇರುವ ಗಿಡಗಳ ನಡುವೆ ಕೂರಿಸಿತು. ಅಂದರೆ ಅದರ ಪೂರ್ವಜರಿಗೆ ನಾಳ ಇದ್ದು ಆಮೇಲೆ ಕಳೆದುಹೋಗಿರುವ ಸಾಧ್ಯತೆ ಇದೆ. ನಾಳ ಬಂದ ಮೇಲೆ ಹಿಂದಕ್ಕೆ ಹೋಗೋದಿಲ್ಲ ಅನ್ನೋ ನಂಬಿಕೆ ಹೀಗೆ ಅಲುಗಾಡಿತು. ಕರ್ಜೀಕಾಯಿಯ ಕಥೆಗೂ ಇದೇ ಗತಿ. ಆಂಬೊರೆಲ್ಲಾದ ಕಾರ್ಪೆಲ್ ಮಡಚಿದ ಎಲೆಯ ಥರ ಇಲ್ಲ, ಬಾಯಿ ಕಿರಿದಾದ ಹೂಜಿಯ ಥರ ಇದೆ, ಬಾಯಿಯನ್ನು ಅಂಟು ದ್ರವ ಮುಚ್ಚಿದೆ. ಹಳೆಯ ಕವಲುಗಳ ಇತರ ಗಿಡಗಳಲ್ಲೂ ಇಂಥದ್ದು ಸಿಕ್ಕಿ, ಮೂಲ ಮಾದರಿ ಹೂಜಿಯೇ ಇರಬೇಕು ಅಂತ ಈಗ ಹಲವರ ಅಭಿಪ್ರಾಯ. ಸ್ವಾಮಿಯವರು ಮುಂದೆ ತಂದ ಗಿಡವೇ ಸ್ವಾಮಿಯವರ ಸಿದ್ಧಾಂತವನ್ನು ಪ್ರಶ್ನೆ ಮಾಡಿತು.

ಹಾಗಂತ ಅವರ ಲೇಖನಗಳನ್ನು ಯಾರೂ ಮೂಲೆಗೆ ಎಸೆದಿಲ್ಲ. ಕಾರಣ, ಅವರು ಕಂಡದ್ದನ್ನು ಒಂದು ಕಡೆ, ಅದರಿಂದ ಊಹಿಸಿದ್ದನ್ನು ಇನ್ನೊಂದು ಕಡೆ ಇಟ್ಟಿದ್ದರು. ಊಹೆ ಬದಲಾದರೂ ಕಂಡದ್ದು ಹಾಗೇ ಕೆಲಸಕ್ಕೆ ಬರುತ್ತೆ. ಜೀನ್ ಕೊಡುವ ವಂಶವೃಕ್ಷ ಬರೀ ಕಡ್ಡಿಗಳ ಚಿತ್ರ. ಆ ಕಡ್ಡಿಯ ತುದಿಯಲ್ಲಿರುವ ಗಿಡದ ಕಾಂಡ ಹೇಗಿದೆ, ಹೂ ಹೇಗಿದೆ, ಯಾವ ಗುಣ ಯಾವ ಕವಲಲ್ಲಿ ಹುಟ್ಟಿತು ಅಂತ ಹೇಳೋಕೆ ಯಾರಾದರೂ ಗಿಡವನ್ನು ಸೀಳಿ ನೋಡಿರಲೇಬೇಕು.

ಮತ್ತೆ ಬನ್ನಿಗೆ

ನಮ್ಮ ಜಗಳದ ತೀರ್ಮಾನ ಹೇಳದಿದ್ದರೆ ಗೆಳೆಯರು ಬಿಡೋದಿಲ್ಲ. ಗಾಫ್ ಅಂದರೆ ಪ್ರೊಸೋಪಿಸ್ ಸಿನೆರೇರಿಯಾ, ಸಂಸ್ಕೃತದ ಶಮೀ, ನಮ್ಮ ಬನ್ನಿ. ಕರ್ನಾಟಕದ ಕೆಲವು ಕಡೆ ಬೇರೆ ಮರಕ್ಕೂ ಬನ್ನಿ ಅಂತಾರೆ, ಅದು ಬೇರೆ ಮಾತು. ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದದ್ದು, ಅದು ಈ ಮರಳುಗಾಡಿನಲ್ಲೂ ಹಬ್ಬಿದೆ. ಎರಡನ್ನೂ ಬಹಳ ಕಾಲ ಪ್ರೊಸೋಪಿಸ್ ಅನ್ನೋ ಒಂದೇ ಹೆಸರಿನ ಕೆಳಗೆ ಇಟ್ಟಿದ್ದರು. ಆದ್ದರಿಂದ ನನ್ನ ಬಳ್ಳಾರಿ ಗೆಳೆಯ ಪೂರ್ತಿ ದಡ್ಡನೇನಲ್ಲ. ಆದರೆ ಡಿಎನ್‌ಎ ಆಧಾರದ ಮೇಲೆ 2022ರಲ್ಲಿ ಆ ಒಟ್ಟು ಕುಟುಂಬ ಪಾಲಾಯಿತು. ಬನ್ನಿ ಪ್ರೊಸೋಪಿಸ್ ಆಗಿಯೇ ಉಳಿಯಿತು. ಬಳ್ಳಾರಿ ಜಾಲಿಗೆ ನೆಲ್ಟುಮಾ ಅನ್ನೋ ಬೇರೆ ಹೆಸರು ಬಂತು.

ಇದನ್ನು ಪರೀಕ್ಷೆ ಮಾಡೋಕೆ ಲ್ಯಾಬ್ ಬೇಕಿಲ್ಲ. ಬಳ್ಳಾರಿ ಜಾಲಿಯಲ್ಲಿ ಮುಳ್ಳು ಎಲೆ ಹುಟ್ಟುವ ಗೆಣ್ಣಿನಲ್ಲೇ ಇರುತ್ತೆ. ಬನ್ನಿಯಲ್ಲಿ ಗೆಣ್ಣು ಗೆಣ್ಣುಗಳ ನಡುವೆ ಕಾಂಡದ ಮೇಲೆ ಅಲ್ಲಲ್ಲಿ ಚೆದುರಿರುತ್ತೆ. ಜೀನ್ ಹೇಳಿದ ಪಾಲನ್ನು ಮುಳ್ಳಿನ ಜಾಗವೂ ಒಪ್ಪುತ್ತೆ. ಆ ಪುಟ್ಟ ರೆಂಬೆಯನ್ನು ನಾನು ಪುಸ್ತಕದ ನಡುವೆ ಇಟ್ಟಿದ್ದೆ. ಮೊನ್ನೆ ತೆಗೆದು ನೋಡಿದೆ. ಎಲೆ ಎಲ್ಲ ಉದುರಿವೆ, ಮುಳ್ಳು ಮಾತ್ರ ಗಟ್ಟಿಯಾಗಿ ನಿಂತಿವೆ, ಗೆಣ್ಣುಗಳ ನಡುವೆ. ಮುಂದಿನ ದಸರಾಕ್ಕೆ ಬಳ್ಳಾರಿ ಗೆಳೆಯನ ಕೈಗೆ ಮೊದಲು ಅದೇ ಕೊಡೋದು ಅಂತ ಇದ್ದೀನಿ.